ಹಾಲಿನ ಡೈರಿಯ ಲೆಕ್ಕಕ್ಕೆ ಡೇಟಾಬೇಸ್: ಒಂದೇ ಹಾಳೆಯನ್ನು ನಾರ್ಮಲೈಸ್ ಮಾಡಿದ ಟೇಬಲ್‌ಗಳಾಗಿ ಒಡೆಯುವುದು ಹೇಗೆ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುತ್ತಾರೆ. 150 ಸದಸ್ಯರು ತಪ್ಪದೆ ಹಾಲು ಹಾಕಿದರೆ ವರ್ಷಕ್ಕೆ 1,09,500 ಸಾಲು. ಇದೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿದ್ದರೆ ಒಬ್ಬ ಸದಸ್ಯರ ಹೆಸರು, ಫೋನ್, ಬ್ಯಾಂಕ್ ಖಾತೆ ವರ್ಷಕ್ಕೆ 730 ಸಲ ಬರೆದಂತಾಯಿತು. ಖಾತೆ ಬದಲಾದಾಗ 729 ಕಡೆ ತಿದ್ದಿ ಒಂದು ಕಡೆ ಬಿಟ್ಟುಹೋದರೆ ಯಾವುದು ಸರಿ ಎಂದು ತೀರ್ಮಾನಿಸಲು ಹಾಳೆಯೊಳಗೆ ಆಧಾರವೇ ಇರುವುದಿಲ್ಲ. ಹಾಗೆಯೇ, ಇನ್ನೂ ಹಾಲು ಹಾಕದ ಹೊಸ ಸದಸ್ಯರನ್ನು ಈ ಹಾಳೆಯಲ್ಲಿ ಸೇರಿಸಲು ಜಾಗವಿಲ್ಲ. ಹಳೆಯ ವರ್ಷದ ಸಾಲುಗಳನ್ನು ಅಳಿಸಿದರೆ, ಹಾಲು ನಿಲ್ಲಿಸಿದವರ ಖಾತೆ ವಿವರವೂ ಜೊತೆಗೇ ಹೋಗುತ್ತದೆ. ತಿದ್ದುವಾಗ, ಸೇರಿಸುವಾಗ, ಅಳಿಸುವಾಗ ಬರುವ ಈ ಮೂರು ತೊಂದರೆಗಳನ್ನು ಬೇರಿನಲ್ಲೇ ತೆಗೆಯುವ ಕ್ರಮವೇ ನಾರ್ಮಲೈಸೇಶನ್. ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ದತ್ತಾಂಶವನ್ನು ಟೇಬಲ್‌ಗಳಾಗಿ ಇಡುವ ರಿಲೇಶನಲ್ ಮಾದರಿಯನ್ನು ಮುಂದಿಟ್ಟಾಗಲೇ ಇದರ ಮೊದಲ ಮೆಟ್ಟಿಲೂ ಅದರಲ್ಲಿತ್ತು.

ನಾರ್ಮಲೈಸೇಶನ್ನಿನ ಮೆಟ್ಟಿಲುಗಳಾದ ನಾರ್ಮಲ್ ಫಾರ್ಮ್‌ಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದು ಸುಲಭ. ಕಷ್ಟವಿರುವುದು ಅದಕ್ಕಿಂತ ಮುಂಚಿನ ಕೆಲಸದಲ್ಲಿ, ಅಂದರೆ ಯಾವ ಸಂಗತಿ ಯಾವುದನ್ನು ನಿರ್ಧರಿಸುತ್ತದೆ ಎಂದು ಕಂಡುಹಿಡಿಯುವುದರಲ್ಲಿ. ಆ ಉತ್ತರ ಸಂಘದ ಕಾರ್ಯದರ್ಶಿಯವರ ಬಳಿ ಮತ್ತು ಹಾಲು ಪರೀಕ್ಷಕರ ಬಳಿ ಸಿಗುತ್ತದೆಯೇ ಹೊರತು ಕಂಪ್ಯೂಟರಿನಲ್ಲಲ್ಲ. ಆದ್ದರಿಂದ ಶುರು ಮಾಡಬೇಕಾದದ್ದು ಕಾಗದದ ಮೇಲೆ.

ಹೆಜ್ಜೆ 1: ಇರುವ ಕಾಲಂಗಳನ್ನೆಲ್ಲ ಬರೆದುಕೊಳ್ಳಿ

ರೆಜಿಸ್ಟರ್, ಸದಸ್ಯರಿಗೆ ಕೊಡುವ ಚೀಟಿ, ಬಟವಾಡೆ ಪಟ್ಟಿ, ಗೋಡೆಗೆ ಅಂಟಿಸಿದ ದರಪಟ್ಟಿ ಈ ನಾಲ್ಕನ್ನೂ ಮುಂದಿಟ್ಟುಕೊಂಡು ಕುಳಿತರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ, ಹೆಸರು, ಫೋನ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಗುರುತು ಸಂಕೇತ), ಬ್ಯಾಂಕ್, ಶಾಖೆ, ಹಾಲಿನ ಬಗೆ (ಹಸು ಅಥವಾ ಎಮ್ಮೆ), ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ, ಪರೀಕ್ಷಕರ ಹೆಸರು, ಪಶು ಆಹಾರದ ಕಡಿತ.

ಪ್ರತಿ ಕಾಲಮ್ಮಿನ ಎದುರು ಅಳತೆಯ ಘಟಕವನ್ನೂ ಬರೆಯಿರಿ. ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕಿಲೋ. ಕೆಲವು ಯಂತ್ರಗಳು ಕಿಲೋದಲ್ಲಿ ತೂಗುತ್ತವೆ, ಚೀಟಿಯಲ್ಲಿ ಲೀಟರ್ ಇರುತ್ತದೆ. ‘ಪ್ರಮಾಣ’ ಎಂಬ ಹೆಸರಿನ ಒಂದೇ ಕಾಲಮ್ಮಿನಲ್ಲಿ ಎರಡೂ ಸೇರಿಕೊಂಡರೆ ಶೇಕಡಾ 3ರಷ್ಟು ವ್ಯತ್ಯಾಸ ಬರುತ್ತದೆ, ಅದರ ಮೂಲ ಎಲ್ಲಿ ಎಂದು ತಿಂಗಳಾನುಗಟ್ಟಲೆ ಪತ್ತೆಯಾಗುವುದಿಲ್ಲ. ಕಾಲಮ್ಮಿಗೆ ‘ಲೀಟರ್’ ಎಂದೇ ಹೆಸರಿಡಿ.

ಹೆಜ್ಜೆ 2: ಯಾವುದು ಯಾವುದನ್ನು ನಿರ್ಧರಿಸುತ್ತದೆ?

ಒಂದು ಕಾಲಮ್ಮಿನ ಮೌಲ್ಯ ಗೊತ್ತಾದರೆ ಇನ್ನೊಂದು ತಾನಾಗಿಯೇ ಗೊತ್ತಾಗುವಂತಿದ್ದರೆ, ಎರಡನೆಯದು ಮೊದಲನೆಯದನ್ನು ಅವಲಂಬಿಸಿದೆ. ಮೇಲಿನ ಪಟ್ಟಿಯಲ್ಲಿ ಮೊದಲ ನೋಟಕ್ಕೆ ಕಾಣುವ ಅವಲಂಬನೆಗಳು:

ಸದಸ್ಯ ಸಂಖ್ಯೆ → ಹೆಸರು, ಖಾತೆ
ಐಎಫ್‌ಎಸ್‌ಸಿ → ಬ್ಯಾಂಕ್, ಶಾಖೆ
ದಿನಾಂಕ, ಹೊತ್ತು → ಪರೀಕ್ಷಕರು
ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ → ಲೀಟರ್, ಫ್ಯಾಟ್, ಎಸ್‌ಎನ್‌ಎಫ್
ಫ್ಯಾಟ್, ಎಸ್‌ಎನ್‌ಎಫ್ → ದರ
ಲೀಟರ್, ದರ → ಮೊತ್ತ

ಇವುಗಳಲ್ಲಿ ಮೂರು ಪೂರ್ತಿ ಸರಿಯಿಲ್ಲ. ಒಂದೊಂದಕ್ಕೂ ಒಂದೊಂದು ಪ್ರಶ್ನೆ ಕೇಳಿದರೆ ಅದು ಹೊರಬರುತ್ತದೆ.

ಸದಸ್ಯರು ತೀರಿಕೊಂಡಾಗ ಅವರ ಸಂಖ್ಯೆ ವಾರಸುದಾರರಿಗೆ ಹೋಗುತ್ತದೆಯೇ? ಹೌದು ಎಂದಾದರೆ ಸದಸ್ಯ ಸಂಖ್ಯೆ ಒಬ್ಬ ವ್ಯಕ್ತಿಯನ್ನು ಗುರುತಿಸುವುದಿಲ್ಲ. 42ನೇ ಸಂಖ್ಯೆ ಹೋದ ವರ್ಷ ತಂದೆ, ಈ ವರ್ಷ ಮಗಳು. ಹೆಸರನ್ನು ತಿದ್ದಿಬಿಟ್ಟರೆ ತಂದೆ ಹಾಕಿದ ಹಾಲೆಲ್ಲ ಮಗಳ ಹೆಸರಿಗೆ ಹೋಗುತ್ತದೆ. ಇಲ್ಲಿ ಎಂದೂ ಬದಲಾಗದ, ಯಾರಿಗೂ ಎರಡನೇ ಸಲ ಕೊಡದ ‘ಸದಸ್ಯ ಐಡಿ’ ಬೇಕು. ಚೀಟಿಯ ಮೇಲಿನ ಸಂಖ್ಯೆ ಸಾಮಾನ್ಯ ಕಾಲಂ ಆಗಿ ಉಳಿಯಲಿ.

ಒಬ್ಬರು ಒಂದೇ ಹೊತ್ತಿನಲ್ಲಿ ಹಸುವಿನ ಹಾಲನ್ನೂ ಎಮ್ಮೆಯ ಹಾಲನ್ನೂ ಹಾಕುವುದುಂಟೇ? ಎರಡು ಕ್ಯಾನ್ ತಂದರೆ ಬೇರೆ ಬೇರೆ ಪರೀಕ್ಷೆಯೇ? ಬಗೆ ಬೇರೆಯಾದರೆ ಕೀಯಲ್ಲಿ, ಅಂದರೆ ಒಂದು ಸಾಲನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸುವ ಕಾಲಂಗಳಲ್ಲಿ, ಬಗೆಯೂ ಸೇರಬೇಕು. ಒಂದೇ ಬಗೆಯ ಎರಡು ಕ್ಯಾನ್‌ಗೆ ಎರಡು ಚೀಟಿ ಕೊಡುವ ಪದ್ಧತಿ ಇದ್ದರೆ ಚೀಟಿಯ ಕ್ರಮಸಂಖ್ಯೆಯೇ ಕೀ ಆಗಬೇಕು. ಈ ಪ್ರಶ್ನೆ ಕೇಳದೆ ಕಟ್ಟಿದ ಡೇಟಾಬೇಸ್ ಎರಡನೇ ಕ್ಯಾನನ್ನು ನಿರಾಕರಿಸುತ್ತದೆ. ಆಗ ಕಂಪ್ಯೂಟರಿನ ಮುಂದೆ ಕೂತವರು ಎರಡನ್ನೂ ಕೂಡಿಸಿ, ಫ್ಯಾಟನ್ನು ಅಂದಾಜಿನಲ್ಲಿ ಹಾಕಿಬಿಡುತ್ತಾರೆ. ಕೆಟ್ಟ ವಿನ್ಯಾಸ ತಪ್ಪು ದತ್ತಾಂಶವನ್ನು ಹುಟ್ಟಿಸುವುದು ಹೀಗೆ.

ದರಪಟ್ಟಿ ಬದಲಾಗುತ್ತದೆಯೇ? ಖಂಡಿತ. ಹಾಗಾಗಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡರಿಂದಲೇ ದರ ನಿರ್ಧಾರವಾಗುವುದಿಲ್ಲ. ಹಾಲಿನ ಬಗೆ ಮತ್ತು ಆ ಹೊತ್ತಿಗೆ ಯಾವ ಪಟ್ಟಿ ಜಾರಿಯಲ್ಲಿತ್ತು ಎಂಬುದೂ ಬೇಕು. ಲೀಟರಿಗೆ ಇಷ್ಟು ಎಂದು ಸರ್ಕಾರ ಕೊಡುವ ಪ್ರೋತ್ಸಾಹಧನಕ್ಕೂ ಇದೇ ಮಾತು: ಕರ್ನಾಟಕದಲ್ಲಿ 2008ರಲ್ಲಿ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ಆಯಿತು. ಕಾಲದೊಂದಿಗೆ ಬದಲಾಗುವ ಯಾವ ದರವನ್ನೂ ಪ್ರೋಗ್ರಾಮಿನೊಳಗೆ ಬರೆಯಬೇಡಿ. ಜಾರಿ ದಿನಾಂಕದ ಸಮೇತ ಟೇಬಲ್ಲಿನಲ್ಲಿಡಿ.

ಹಳೆಯ ಹಾಳೆ ಕೈಲಿದ್ದರೆ ಈ ಊಹೆಗಳನ್ನು ಪರೀಕ್ಷಿಸಬಹುದು. ಐಎಫ್‌ಎಸ್‌ಸಿ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಎಷ್ಟು ಬೇರೆ ಬೇರೆ ಶಾಖೆಯ ಹೆಸರುಗಳಿವೆ ಎಂದು ಎಣಿಸಿ. ಒಂದಕ್ಕಿಂತ ಹೆಚ್ಚು ಬಂದ ಕಡೆ ಒಂದೋ ಕಾಗುಣಿತದ ತಪ್ಪು, ಇಲ್ಲವೇ ನಿಮ್ಮ ಅವಲಂಬನೆಯೇ ತಪ್ಪು. ಆದರೆ ದತ್ತಾಂಶ ಒಂದು ಅವಲಂಬನೆಯನ್ನು ಸುಳ್ಳೆಂದು ತೋರಿಸಬಲ್ಲದು, ನಿಜವೆಂದು ಸಾಧಿಸಲಾರದು. ಈವರೆಗೆ ಯಾರೂ ಎರಡು ಕ್ಯಾನ್ ತಂದಿಲ್ಲ ಎಂದ ಮಾತ್ರಕ್ಕೆ ನಾಳೆ ತರುವುದಿಲ್ಲ ಎಂದೇನೂ ಅಲ್ಲ.

ಹೆಜ್ಜೆ 3: ಒಂದು ಕೋಶದಲ್ಲಿ ಒಂದೇ ಮೌಲ್ಯ

ಮೊದಲನೇ ನಾರ್ಮಲ್ ಫಾರ್ಮ್ ಕೇಳುವುದು ಇಷ್ಟೆ. ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ಎರಡು ಫೋನ್ ಸಂಖ್ಯೆ ಬರೆಯುವಂತಿಲ್ಲ. ಫೋನ್1, ಫೋನ್2, ಫೋನ್3 ಎಂದು ಕಾಲಂ ಸಾಲುಸಾಲಾಗಿ ನಿಲ್ಲಿಸುವಂತೆಯೂ ಇಲ್ಲ. ಎರಡಕ್ಕೂ ಪರಿಹಾರ ಒಂದೇ: ಸದಸ್ಯ ಐಡಿ ಮತ್ತು ಫೋನ್ ಎಂಬ ಎರಡು ಕಾಲಮ್ಮಿನ ಬೇರೆ ಟೇಬಲ್. ಫೋನ್ ಜೊತೆಗೆ ಜಾನುವಾರುಗಳನ್ನೂ ಅದೇ ಟೇಬಲ್ಲಿಗೆ ಸೇರಿಸಬೇಡಿ. ಎರಡು ಫೋನ್, ಮೂರು ಹಸು ಇರುವವರಿಗೆ ಒಂದಕ್ಕೊಂದು ಸಂಬಂಧವಿಲ್ಲದ 6 ಸಾಲು ಬೇಕಾಗುತ್ತದೆ. ನಾಲ್ಕನೇ ನಾರ್ಮಲ್ ಫಾರ್ಮ್ ತಡೆಯುವುದು ಇದನ್ನೇ.

ನಮ್ಮ ಕಡೆಯ ಹೆಸರುಗಳಲ್ಲಿ ‘ಬಿನ್’, ‘ಕೋಂ’ ಬರುತ್ತವೆ. ‘ಲಕ್ಷ್ಮಮ್ಮ ಕೋಂ ರಂಗಪ್ಪ’ ಎಂಬುದನ್ನು ಒಂದೇ ಕೋಶದಲ್ಲಿಟ್ಟರೆ ಹುಡುಕುವುದೂ ಕಷ್ಟ, ಬ್ಯಾಂಕಿನ ದಾಖಲೆಯ ಹೆಸರಿನೊಂದಿಗೆ ಹೋಲಿಸುವುದೂ ಕಷ್ಟ. ಹೆಸರು, ಸಂಬಂಧ, ಸಂಬಂಧಿಯ ಹೆಸರು ಎಂದು ಮೂರು ಕಾಲಂ ಮಾಡಿ.

ದರಪಟ್ಟಿಯಲ್ಲಿ ಬಹಳ ಜನ ಎಡವುತ್ತಾರೆ. ಅಚ್ಚಾದ ಪಟ್ಟಿಯಲ್ಲಿ ಎಡಕ್ಕೆ ಫ್ಯಾಟ್, ಮೇಲೆ ಎಸ್‌ಎನ್‌ಎಫ್, ಒಳಗೆ ದರ ಇರುತ್ತದೆ. ಅದನ್ನು ನೋಡಿದಂತೆಯೇ ಇಳಿಸಿದರೆ 8.0, 8.1, 8.2 ಎಂಬ ಹೆಸರಿನ ಕಾಲಂಗಳಾಗುತ್ತವೆ. ಆಗ ಎಸ್‌ಎನ್‌ಎಫ್ ಎಂಬ ಮೌಲ್ಯ ಕಾಲಮ್ಮಿನ ಹೆಸರಿನೊಳಗೆ ಅಡಗಿಬಿಡುತ್ತದೆ, ಅದರ ಮೇಲೆ ಪ್ರಶ್ನೆ ಕೇಳಲು ಬರುವುದಿಲ್ಲ. ಪ್ರತಿ ಕೋಶವನ್ನೂ ಒಂದು ಸಾಲಾಗಿ ಬಿಡಿಸಿ: ಪಟ್ಟಿ ಐಡಿ, ಫ್ಯಾಟ್, ಎಸ್‌ಎನ್‌ಎಫ್, ದರ. ಫ್ಯಾಟ್ 3.0ರಿಂದ 5.0ರವರೆಗೆ 21 ಹಂತ, ಎಸ್‌ಎನ್‌ಎಫ್ 8.0ರಿಂದ 9.0ರವರೆಗೆ 11 ಹಂತ ಇದ್ದರೆ ಒಂದು ಪಟ್ಟಿಗೆ 231 ಸಾಲು. ಯಂತ್ರ 8.47 ಎಂದು ತೋರಿಸಿದಾಗ 8.4ರ ದರವೋ 8.5ರ ದರವೋ ಎಂಬುದನ್ನು ಒಕ್ಕೂಟದ ನಿಯಮ ನೋಡಿ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಇಲ್ಲದಿದ್ದರೆ ಹುಡುಕಾಟಕ್ಕೆ ಸಾಲೇ ಸಿಗುವುದಿಲ್ಲ.

ಹೆಜ್ಜೆ 4: ಅರ್ಧ ಕೀಗೆ ಅಂಟಿಕೊಂಡದ್ದನ್ನು ಬಿಡಿಸಿ

ಹಾಲಿನ ಸಾಲಿನ ಕೀ: ದಿನಾಂಕ, ಹೊತ್ತು, ಸದಸ್ಯ ಐಡಿ, ಬಗೆ. ಉಳಿದ ಪ್ರತಿ ಕಾಲಮ್ಮಿಗೂ ಈ ನಾಲ್ಕೂ ಬೇಕೇ ಎಂದು ಕೇಳಿಕೊಳ್ಳಿ. ಹೆಸರಿಗೆ ಸದಸ್ಯ ಐಡಿ ಒಂದೇ ಸಾಕು, ಆದ್ದರಿಂದ ಅದು ‘ಸದಸ್ಯ’ ಟೇಬಲ್ಲಿಗೆ ಹೋಗುತ್ತದೆ. ಪರೀಕ್ಷಕರಿಗೆ ದಿನಾಂಕ ಮತ್ತು ಹೊತ್ತು ಸಾಕು, ಹಾಗಾಗಿ ‘ಸರದಿ’ ಎಂಬ ಟೇಬಲ್ ಹುಟ್ಟುತ್ತದೆ. ಅಂದು ಟ್ಯಾಂಕರಿಗೆ ಹೋದ ಒಟ್ಟು ಹಾಲು, ಸ್ಥಳೀಯವಾಗಿ ಮಾರಿದ ಹಾಲು ಕೂಡ ಆ ಹೊತ್ತಿಗೆ ಸೇರಿದ ಸಂಗತಿಗಳೇ. ಅವುಗಳಿಗೂ ಈಗ ಸರಿಯಾದ ಜಾಗ ಸಿಕ್ಕಿತು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಮಾತ್ರ ನಾಲ್ಕನ್ನೂ ಕೇಳುತ್ತವೆ. ಅವು ಇದ್ದಲ್ಲೇ ಇರಲಿ. ಇದು ಎರಡನೇ ನಾರ್ಮಲ್ ಫಾರ್ಮ್.

ಎಲ್ಲ ಟೇಬಲ್ಲಿಗೂ ಒಂದು ಐಡಿ ಕಾಲಂ ಅಂಟಿಸಿಬಿಟ್ಟರೆ ಹಲವು ಕಾಲಂ ಕೂಡಿದ ಸಂಯುಕ್ತ ಕೀಯೇ ಇರುವುದಿಲ್ಲ, ಈ ಹೆಜ್ಜೆ ಬೇಕಿಲ್ಲ ಎಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಐಡಿ ಸೇರಿಸಿದರೂ ಆ ನಾಲ್ಕು ಕಾಲಂಗಳು ಕೂಡಿ ಒಂದು ಕೀಯಾಗಿಯೇ ಇರುತ್ತವೆ. ಅವುಗಳ ಮೇಲೆ ಯುನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ನಿಯಮ) ಹಾಕದಿದ್ದರೆ ಒಂದೇ ಚೀಟಿ ಎರಡು ಸಲ ದಾಖಲಾಗಿ ಎರಡು ಸಲ ಹಣ ಹೋಗುತ್ತದೆ. ಎರಡು ಸಾಲಿನ ಐಡಿ ಬೇರೆ ಬೇರೆ ಇರುವುದರಿಂದ ಡೇಟಾಬೇಸಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಹೆಜ್ಜೆ 5: ಕೀಯಲ್ಲದ್ದರ ಮೂಲಕ ಬಂದದ್ದು

ಖಾತೆಗೆ ಐಎಫ್‌ಎಸ್‌ಸಿ, ಐಎಫ್‌ಎಸ್‌ಸಿಯಿಂದ ಬ್ಯಾಂಕ್ ಮತ್ತು ಶಾಖೆ. ಹೀಗೆ ನಡುವೆ ಇನ್ನೊಂದರ ಮೂಲಕ ಬರುವ ಅವಲಂಬನೆಯನ್ನು ಮೂರನೇ ನಾರ್ಮಲ್ ಫಾರ್ಮ್ ಬೇರ್ಪಡಿಸುತ್ತದೆ: ‘ಶಾಖೆ’ ಎಂಬ ಟೇಬಲ್, ಐಎಫ್‌ಎಸ್‌ಸಿ ಅದರ ಕೀ. ಬ್ಯಾಂಕುಗಳು ವಿಲೀನವಾದಾಗ ಇದರ ಬೆಲೆ ತಿಳಿಯುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗ ಬ್ಯಾಂಕಿನ ಹೆಸರೂ, ಮುಂದೆ ಐಎಫ್‌ಎಸ್‌ಸಿಗಳೂ ಬದಲಾದವು. ಶಾಖೆ ಬೇರೆ ಟೇಬಲ್ಲಿನಲ್ಲಿದ್ದರೆ ಹೆಸರಿನ ತಿದ್ದುಪಡಿ ಒಂದು ಶಾಖೆಗೆ ಒಂದೇ ಸಾಲು.

ಮೊತ್ತ ಎಂಬುದು ಲೀಟರ್ ಮತ್ತು ದರದ ಗುಣಾಕಾರ. ಅದನ್ನು ಕೈಯಿಂದ ತುಂಬುವ ಕಾಲಂ ಆಗಿಡಬಾರದು. ಲೆಕ್ಕ ಹಾಕಿ ತೋರಿಸಿ, ಇಲ್ಲವೇ ಡೇಟಾಬೇಸೇ ಲೆಕ್ಕ ಹಾಕುವ ಕಾಲಂ ಮಾಡಿ. ಪೈಸೆ ಸರಿಹೊಂದಿಸುವ ಜಾಗವನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. 8.35 ಲೀಟರಿಗೆ 36.45 ರೂಪಾಯಿಯಂತೆ 304.3575 ಬರುತ್ತದೆ. ಪ್ರತಿ ಚೀಟಿಯಲ್ಲಿ 304.36 ಮಾಡುತ್ತೀರೋ, ಕೊನೆಯ ಮೊತ್ತದಲ್ಲಿ ಒಮ್ಮೆ ಸರಿಹೊಂದಿಸುತ್ತೀರೋ? 30 ಚೀಟಿಗೆ 15 ಪೈಸೆಯವರೆಗೂ ಅಂತರ ಬರಬಹುದು. ಸದಸ್ಯರ ಕೈಯಲ್ಲಿರುವುದು ಚೀಟಿಗಳು, ಅವುಗಳ ಕೂಡಿಕೆಗೆ ಬಟವಾಡೆ ತಾಳೆಯಾಗಲೇಬೇಕು. ಆದ್ದರಿಂದ ಚೀಟಿಯ ಮಟ್ಟದಲ್ಲೇ ಸರಿಹೊಂದಿಸುವುದು ಒಳ್ಳೆಯದು.

ಹಾಗಿದ್ದರೆ ದರ? ಪಟ್ಟಿಯಿಂದ ಹುಡುಕಿ ತೆಗೆಯಬಹುದಾದ ದರವನ್ನು ಹಾಲಿನ ಸಾಲಿನಲ್ಲಿ ಮತ್ತೆ ಬರೆಯುವುದು ಪುನರಾವರ್ತನೆಯಲ್ಲವೇ? ನಿಯಮವನ್ನು ಅಕ್ಷರಶಃ ಹಿಡಿದರೆ ಹೌದು. ಆದರೂ ಬರೆಯಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ, ಏಕೆಂದರೆ ಇವು ಎರಡು ಬೇರೆ ಸಂಗತಿಗಳು. ಪಟ್ಟಿಯ ದರ ಎಂದರೆ ಸಂಘ ಕೊಡಬೇಕಾಗಿದ್ದ ದರ. ಚೀಟಿಯ ದರ ಎಂದರೆ ಆ ಹೊತ್ತಿನಲ್ಲಿ ಅಚ್ಚಾಗಿ ಸದಸ್ಯರ ಕೈಗೆ ಹೋದ ದರ. ಹೊಸ ಪಟ್ಟಿಯನ್ನು ಎರಡು ದಿನ ತಡವಾಗಿ ತುಂಬಿದರೆ ಇವೆರಡೂ ಬೇರೆಯಾಗುತ್ತವೆ, ಆ ಅಂತರವನ್ನು ಲೆಕ್ಕ ಪರಿಶೋಧಕರು ಕೇಳುತ್ತಾರೆ. ಕಾಲಮ್ಮಿಗೆ ‘ಚೀಟಿ ದರ’ ಎಂದು ಹೆಸರಿಟ್ಟರೆ ಗೊಂದಲವಿಲ್ಲ.

ಹೆಜ್ಜೆ 6: ಬಟವಾಡೆ, ಮತ್ತು ಎಲ್ಲಿ ನಿಲ್ಲಬೇಕು

ಸದಸ್ಯರ ಖಾತೆ ಬದಲಾಗುತ್ತದೆ, ಆದರೆ ಹಿಂದಿನ ಬಟವಾಡೆ ಯಾವ ಖಾತೆಗೆ ಹೋಯಿತು ಎಂಬುದು ಬದಲಾಗಬಾರದು. ಅದಕ್ಕಾಗಿ ಖಾತೆಗೂ ಬೇರೆ ಟೇಬಲ್: ಖಾತೆ ಐಡಿ, ಸದಸ್ಯ ಐಡಿ, ಐಎಫ್‌ಎಸ್‌ಸಿ, ಖಾತೆ ಸಂಖ್ಯೆ, ಆರಂಭ ದಿನಾಂಕ, ಕೊನೆಯ ದಿನಾಂಕ. ಹಳೆಯದನ್ನು ತಿದ್ದದೆ ಅದಕ್ಕೆ ಕೊನೆಯ ದಿನಾಂಕ ಹಾಕಿ ಹೊಸ ಸಾಲು ಸೇರಿಸಿ.

ಈಗ ‘ಬಟವಾಡೆ’ ಟೇಬಲ್: ಅವಧಿ, ಸದಸ್ಯ ಐಡಿ, ಖಾತೆ ಐಡಿ, ನಿವ್ವಳ ಮೊತ್ತ, ಪಾವತಿ ದಿನಾಂಕ. ಒಂದು ಅವಧಿಯಲ್ಲಿ ಒಬ್ಬರಿಗೆ ಒಂದೇ ಬಟವಾಡೆ, ಒಂದು ಖಾತೆಗೂ ಒಂದೇ. ಹಾಗಾಗಿ (ಅವಧಿ, ಸದಸ್ಯ) ಒಂದು ಕೀ, (ಅವಧಿ, ಖಾತೆ) ಇನ್ನೊಂದು. ಆದರೆ ಖಾತೆ ಐಡಿ ಗೊತ್ತಾದರೆ ಸದಸ್ಯರು ಯಾರೆಂದು ಗೊತ್ತಾಗುತ್ತದೆ, ಖಾತೆ ಐಡಿ ಮಾತ್ರ ತಾನೇ ಕೀಯಲ್ಲ. ಟೇಬಲ್ ಮೂರನೇ ಫಾರ್ಮಿನಲ್ಲಿದೆ. 1974ರಲ್ಲಿ ಬಂದ ಇನ್ನೂ ಬಿಗಿಯಾದ ಬಾಯ್ಸ್–ಕಾಡ್ ಫಾರ್ಮಿನಲ್ಲಿಲ್ಲ. ತೊಂದರೆ ಏನೆಂದರೆ, ಸದಸ್ಯ 42 ಎಂದು ಬರೆದು 57ನೇ ಸದಸ್ಯರ ಖಾತೆಯನ್ನು ಹಾಕಿದರೂ ಎರಡು ಬಿಡಿ ಫಾರಿನ್ ಕೀಗಳು (ಇನ್ನೊಂದು ಟೇಬಲ್ಲಿನ ಕೀಯನ್ನು ಸೂಚಿಸುವ ಕಾಲಂಗಳು) ಸುಮ್ಮನೆ ಒಪ್ಪಿಕೊಳ್ಳುತ್ತವೆ.

ಪುಸ್ತಕದ ಪರಿಹಾರವೆಂದರೆ ಸದಸ್ಯ ಐಡಿಯನ್ನು ತೆಗೆದುಹಾಕುವುದು. ತೆಗೆದರೆ ‘ಒಂದು ಅವಧಿಗೆ ಒಬ್ಬರಿಗೆ ಒಂದೇ ಬಟವಾಡೆ’ ಎಂಬ ನಿಯಮವನ್ನು ಕಾಯುವ ಕೀ ಕಳೆದುಹೋಗುತ್ತದೆ. ಖಾತೆ ಬದಲಾದ ಪಕ್ಷದಲ್ಲಿ ಹಳೆಯದಕ್ಕೊಮ್ಮೆ ಹೊಸದಕ್ಕೊಮ್ಮೆ ಹಣ ಹೋಗಬಹುದು. ಇಲ್ಲಿ ಮೂರನೇ ಫಾರ್ಮಿನಲ್ಲೇ ನಿಂತು ಬೇರೆ ಕಾವಲು ಹಾಕುವುದು ಉತ್ತಮ: ‘ಖಾತೆ’ ಟೇಬಲ್ಲಿನಲ್ಲಿ (ಖಾತೆ ಐಡಿ, ಸದಸ್ಯ ಐಡಿ) ಜೋಡಿಯ ಮೇಲೆ ಯುನೀಕ್ ಹಾಕಿ, ಬಟವಾಡೆಯಿಂದ ಆ ಜೋಡಿಯನ್ನೇ ಒಂದು ಸಂಯುಕ್ತ ಫಾರಿನ್ ಕೀಯಾಗಿ ಸೂಚಿಸಿ. ಪುನರಾವರ್ತನೆ ಉಳಿಯುತ್ತದೆ, ಆದರೆ ಅದು ಸುಳ್ಳು ಹೇಳಲಾರದು.

ಹೆಜ್ಜೆ 7: ಟೇಬಲ್‌ಗಳು, ದತ್ತಾಂಶದ ಬಗೆಗಳು, ನಿರ್ಬಂಧಗಳು

ಸದಸ್ಯ: ಸದಸ್ಯ ಐಡಿ (ಪ್ರೈಮರಿ ಕೀ), ಸದಸ್ಯ ಸಂಖ್ಯೆ, ಹೆಸರು, ಸಂಬಂಧ, ಸಂಬಂಧಿಯ ಹೆಸರು, ಸೇರಿದ ದಿನ, ಬಿಟ್ಟ ದಿನ
ಸದಸ್ಯ ಫೋನ್: ಸದಸ್ಯ ಐಡಿ, ಫೋನ್ (ಎರಡೂ ಸೇರಿ ಕೀ)
ಶಾಖೆ: ಐಎಫ್‌ಎಸ್‌ಸಿ (ಕೀ), ಬ್ಯಾಂಕ್, ಶಾಖೆಯ ಹೆಸರು
ಖಾತೆ: ಮೇಲೆ ಹೇಳಿದಂತೆ
ಸರದಿ: ದಿನಾಂಕ, ಹೊತ್ತು (ಕೀ), ಪರೀಕ್ಷಕರು, ಟ್ಯಾಂಕರಿಗೆ ಹೋದ ಲೀಟರ್
ಹಾಲು: ದಿನಾಂಕ, ಹೊತ್ತು, ಸದಸ್ಯ ಐಡಿ, ಬಗೆ (ಕೀ), ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಚೀಟಿ ದರ
ದರಪಟ್ಟಿ: ಪಟ್ಟಿ ಐಡಿ (ಕೀ), ಬಗೆ, ಜಾರಿ ದಿನಾಂಕ, ಜಾರಿ ಹೊತ್ತು
ದರಪಟ್ಟಿ ಸಾಲು: ಪಟ್ಟಿ ಐಡಿ, ಫ್ಯಾಟ್, ಎಸ್‌ಎನ್‌ಎಫ್ (ಕೀ), ದರ
ಕಡಿತ: ಕಡಿತ ಐಡಿ (ಕೀ), ಸದಸ್ಯ ಐಡಿ, ದಿನಾಂಕ, ಕಾರಣ, ಮೊತ್ತ
ಅವಧಿ: ಅವಧಿ ಐಡಿ (ಕೀ), ಆರಂಭ, ಕೊನೆ
ಬಟವಾಡೆ: ಮೇಲೆ ಹೇಳಿದಂತೆ

ಹಣ, ಲೀಟರ್, ಫ್ಯಾಟ್ ಯಾವುದಕ್ಕೂ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆಯ ಬಗೆ) ಬಳಸಬೇಡಿ. ಅದರಲ್ಲಿ 0.1 ಕೂಡ ನಿಖರವಾಗಿ ಕೂರುವುದಿಲ್ಲ, ಆದ್ದರಿಂದ ‘ಫ್ಯಾಟ್ 3.7ಕ್ಕೆ ಸಮ’ ಎಂಬ ಹುಡುಕಾಟ ತಪ್ಪಿಹೋಗಬಹುದು. ಡೆಸಿಮಲ್ ಬಳಸಿ: ಹಣಕ್ಕೆ 10 ಅಂಕಿ 2 ದಶಮಾಂಶ, ಲೀಟರಿಗೆ 6 ಅಂಕಿ 2 ದಶಮಾಂಶ, ಫ್ಯಾಟಿಗೆ 3 ಅಂಕಿ 1 ದಶಮಾಂಶ. ಖಾತೆ ಸಂಖ್ಯೆ, ಫೋನ್, ಜಾನುವಾರಿನ ಕಿವಿಯೋಲೆಯ 12 ಅಂಕಿ ಇವೆಲ್ಲ ಅಕ್ಷರದ ಬಗೆಯವು. ಅಂಕಿಯಾಗಿಟ್ಟರೆ ಆರಂಭದಲ್ಲಿರುವ ಸೊನ್ನೆಗಳು ಹೋಗುತ್ತವೆ.

ಮೌಲ್ಯಕ್ಕೆ ಮಿತಿ ಹಾಕುವ ಚೆಕ್ ನಿರ್ಬಂಧಗಳು ಅಲ್ಲಲ್ಲೇ ತಪ್ಪು ಹಿಡಿಯುತ್ತವೆ. ಹಸುವಿನ ಹಾಲಿನಲ್ಲಿ ಸಾಮಾನ್ಯವಾಗಿ ಫ್ಯಾಟ್ 3.5, ಎಸ್‌ಎನ್‌ಎಫ್ 8.5ರ ಆಸುಪಾಸು. ಎರಡನ್ನೂ ಅದಲುಬದಲು ಮಾಡಿ ತುಂಬುವುದು ಸಾಮಾನ್ಯ ತಪ್ಪು. ಎಸ್‌ಎನ್‌ಎಫ್ 5ರಿಂದ 12ರೊಳಗೆ ಇರಬೇಕು ಎಂದು ಹಾಕಿದರೆ 3.5 ಒಳಗೆ ಬರಲಾರದು. ಚುಕ್ಕೆ ಮರೆತು 35 ಎಂದು ತುಂಬಿದ ಫ್ಯಾಟನ್ನು ‘15ಕ್ಕಿಂತ ಕಡಿಮೆ’ ಎಂಬ ಮಿತಿ ತಡೆಯುತ್ತದೆ. ಐಎಫ್‌ಎಸ್‌ಸಿ 11 ಅಕ್ಷರ, ಐದನೆಯದು ಸೊನ್ನೆ ಎಂಬುದನ್ನೂ ಹಾಕಿ. ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಒತ್ತುವವರು ಬಹಳ.

ಸದಸ್ಯರ ಸಾಲು ಅಳಿಸಿದರೆ ಅವರ ಹಾಲಿನ ಸಾಲುಗಳೂ ಅಳಿದುಹೋಗುವ ಕ್ಯಾಸ್ಕೇಡ್ ಆಯ್ಕೆ ಇಲ್ಲಿ ಬೇಡವೇ ಬೇಡ. ಅಂಥ ಅಳಿಸುವಿಕೆಯನ್ನೇ ತಡೆಯುವ ರಿಸ್ಟ್ರಿಕ್ಟ್ ಇರಲಿ. ಬಿಟ್ಟುಹೋದವರಿಗೆ ‘ಬಿಟ್ಟ ದಿನ’ ತುಂಬಿದರೆ ಸಾಕು.

ನಿರ್ಬಂಧ ಬರೆದಿದ್ದೇವೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ನಂಬಬೇಡಿ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಫಾರಿನ್ ಕೀ ಪರಿಶೀಲನೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಪ್ರತಿ ಸಂಪರ್ಕದಲ್ಲೂ ಆನ್ ಮಾಡಬೇಕು. ಮೈಎಸ್‌ಕ್ಯುಎಲ್ 8.0.16ಕ್ಕಿಂತ ಹಿಂದಿನ ಆವೃತ್ತಿಗಳು ಚೆಕ್ ನಿರ್ಬಂಧವನ್ನು ಓದಿ ಕಡೆಗಣಿಸುತ್ತಿದ್ದವು. ಅದರ ಮೈಐಸ್ಯಾಮ್ ಬಗೆಯ ಟೇಬಲ್‌ಗಳು ಫಾರಿನ್ ಕೀಯನ್ನು ಈಗಲೂ ಕಡೆಗಣಿಸುತ್ತವೆ. ಪೋಸ್ಟ್‌ಗ್ರೆಸ್ ಪರಿಶೀಲನೆ ಮಾಡುತ್ತದೆ, ಆದರೆ ಫಾರಿನ್ ಕೀ ಕಾಲಮ್ಮಿಗೆ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕಟ್ಟುವುದಿಲ್ಲ. ‘ಹಾಲು’ ಟೇಬಲ್ಲಿನಲ್ಲಿ (ಸದಸ್ಯ ಐಡಿ, ದಿನಾಂಕ) ಇಂಡೆಕ್ಸ್ ನೀವೇ ಹಾಕಬೇಕು. ಪ್ರತಿ ನಿರ್ಬಂಧಕ್ಕೂ ಒಂದು ತಪ್ಪು ಸಾಲನ್ನು ಬೇಕೆಂದೇ ತುಂಬಿ, ಅದು ತಿರಸ್ಕೃತವಾಗುತ್ತದೆಯೇ ನೋಡಿ.

ಕನ್ನಡದಲ್ಲಿ ಹೆಸರು ಇಡುವಾಗ ಎರಡು ಎಚ್ಚರ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಕೋಡಿಗೆ 3 ಬೈಟ್, ‘ಕ್ಷೇ’ ಎಂಬ ಒಂದೇ ಅಕ್ಷರಕ್ಕೆ 4 ಕೋಡ್, ಅಂದರೆ 12 ಬೈಟ್. ಉದ್ದವನ್ನು ಬೈಟ್‌ಗಳಲ್ಲಿ ಎಣಿಸುವ ಡೇಟಾಬೇಸಿನಲ್ಲಿ 50 ಎಂದಿಟ್ಟರೆ ಅನೇಕ ಹೆಸರುಗಳು ಹಿಡಿಸುವುದಿಲ್ಲ. ಇನ್ನೊಂದು: ಕೊ, ಗೊ ಮುಂತಾದವುಗಳ ‘ೊ’ ಗುಣಿತವನ್ನು ಒಂದೇ ಕೋಡ್ ಆಗಿಯೂ ಎರಡು ಕೋಡ್‌ಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯುನೀಕ್ ನಿರ್ಬಂಧಕ್ಕೆ ಬೇರೆ. ಒಳಗೆ ಸೇರಿಸುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಏಕರೂಪದ ಯೂನಿಕೋಡ್ ರೂಪಕ್ಕೆ ತನ್ನಿ.

ಹೆಜ್ಜೆ 8: ಹಳೆಯ ಹಾಳೆಯನ್ನು ತುಂಬಿ, ತಾಳೆ ನೋಡಿ

ತುಂಬುವ ಕ್ರಮ ಫಾರಿನ್ ಕೀಗಳೇ ಹೇಳುತ್ತವೆ: ಶಾಖೆ, ಸದಸ್ಯ, ಖಾತೆ, ದರಪಟ್ಟಿ, ಸರದಿ, ಆಮೇಲೆ ಹಾಲು, ಕೊನೆಗೆ ಬಟವಾಡೆ. ಹಳೆಯ ಹಾಳೆಯನ್ನು ಯಾವ ನಿರ್ಬಂಧವೂ ಇಲ್ಲದ ತಾತ್ಕಾಲಿಕ ಟೇಬಲ್ಲಿಗೆ ಇದ್ದಂತೆಯೇ ಇಳಿಸಿ, ಅಲ್ಲಿಂದ ವಿಂಗಡಿಸಿ. ಎಕ್ಸೆಲ್‌ನಲ್ಲೇ ಸರಿಪಡಿಸಿ ತರಲು ಹೋದರೆ ಏನನ್ನು ಏಕೆ ತಿದ್ದಿದ್ದು ಎಂಬ ದಾಖಲೆ ಉಳಿಯುವುದಿಲ್ಲ.

ತುಂಬಿದ ಮೇಲೆ ಟೇಬಲ್‌ಗಳನ್ನೆಲ್ಲ ಕೀಗಳ ಮೂಲಕ ಜೋಡಿಸಿ (ಜಾಯಿನ್ ಮಾಡಿ) ಹಳೆಯ ಹಾಳೆಯನ್ನೇ ಮರಳಿ ಕಟ್ಟಿ. ಸಾಲುಗಳ ಸಂಖ್ಯೆ ಸಮನಾಗಿರಬೇಕು. ಹೆಚ್ಚಾಗಿದ್ದರೆ ಯಾವುದೋ ಟೇಬಲ್ಲನ್ನು ಕೀಯಲ್ಲದ ಕಾಲಮ್ಮಿನ ಮೇಲೆ ಜೋಡಿಸಿದ್ದೀರಿ, ಬಹುಪಾಲು ಅದು ಹೆಸರಾಗಿರುತ್ತದೆ ಅಥವಾ ಖಾತೆಯ ದಿನಾಂಕದ ಮಿತಿ ಮರೆತಿರುತ್ತೀರಿ. ಕಡಿಮೆಯಾಗಿದ್ದರೆ ಜೋಡಿ ಸಿಗದ ಸಾಲುಗಳಿವೆ. ಬಳಿಕ ಅವಧಿವಾರು, ಸದಸ್ಯವಾರು ಮೊತ್ತವನ್ನು ಹಳೆಯ ಬಟವಾಡೆ ಪಟ್ಟಿಯೊಂದಿಗೆ ಪೈಸೆಯ ಮಟ್ಟಿಗೆ ಹೋಲಿಸಿ. ವ್ಯತ್ಯಾಸ ಬಂದ ಸದಸ್ಯರ ಪಟ್ಟಿಯನ್ನು ಕಾರ್ಯದರ್ಶಿಯವರ ಮುಂದಿಟ್ಟು ಒಂದೊಂದಾಗಿ ತೀರಿಸಿ. ಕೆಲವು ಹಳೆಯ ಪಟ್ಟಿಯ ತಪ್ಪೇ ಆಗಿರುತ್ತವೆ.

ಇಷ್ಟೊಂದು ಜಾಯಿನ್‌ನಿಂದ ನಿಧಾನವಾಗುತ್ತದೆಂದು ಟೇಬಲ್‌ಗಳನ್ನು ಮತ್ತೆ ಕೂಡಿಸಲು ಹೋಗಬೇಡಿ. ಹತ್ತು ವರ್ಷದ ಲೆಕ್ಕ ಸೇರಿದರೂ ಸುಮಾರು 11 ಲಕ್ಷ ಸಾಲು. ಸರಿಯಾದ ಇಂಡೆಕ್ಸ್ ಇದ್ದರೆ ಸಾಧಾರಣ ಕಂಪ್ಯೂಟರಿಗೂ ಅದು ಭಾರವಲ್ಲ. ತಿಂಗಳ ವರದಿ ನಿಜಕ್ಕೂ ತಡವಾಗುತ್ತಿದ್ದರೆ ಮೂಲ ಟೇಬಲ್‌ಗಳನ್ನು ಮುಟ್ಟದೆ, ಅವುಗಳಿಂದಲೇ ಮತ್ತೆ ಮತ್ತೆ ಕಟ್ಟಬಹುದಾದ ಒಂದು ಸಾರಾಂಶ ಟೇಬಲ್ ಮಾಡಿ, ಅದರಲ್ಲಿ ಯಾರೂ ಕೈಯಿಂದ ತಿದ್ದಲಾಗದಂತೆ ಅನುಮತಿ ತೆಗೆದುಬಿಡಿ.